ಕಬ್ಬಿನ ಸೀಮೆಯಲ್ಲಿ ಆವಿಯ ಲೆಕ್ಕ

ಶ್ರೀರಂಗಪಟ್ಟಣದಿಂದ ಪಾಂಡವಪುರದ ದಾರಿ ಹಿಡಿದರೆ ಇಬ್ಬದಿಯಲ್ಲೂ ಕಣ್ಣಿಗೆ ಬೀಳುವುದು ಭತ್ತ, ಕಬ್ಬು, ತೆಂಗು. ಈ ಹಸಿರಿಗೆಲ್ಲ ಕನ್ನಂಬಾಡಿ ಕಟ್ಟೆಯೇ ಕಾರಣವೆಂದು ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಕಟ್ಟೆಯನ್ನು ಕಟ್ಟಿದ್ದು ಗದ್ದೆಗಳಿಗಾಗಿ ಮಾತ್ರವಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯತೊಡಗಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳಿಗೆ ನೀರು ಸಾಲದು. ಹೊಳೆಯ ಹರಿವನ್ನು ವರ್ಷವಿಡೀ ಸಮನಾಗಿಡುವುದೂ 1911ರಲ್ಲಿ ಆರಂಭವಾದ ಅಣೆಕಟ್ಟೆಯ ಉದ್ದೇಶಗಳಲ್ಲೊಂದು. ನೀರಿಗೂ ವಿದ್ಯುತ್ತಿಗೂ ಇರುವ ನಂಟು ಈ ಸೀಮೆಗೆ ಅಷ್ಟು ಹಳೆಯದು.

ಶಿವನಸಮುದ್ರದಲ್ಲಿ ಚಕ್ರ ತಿರುಗಿಸಿದ ನೀರು ಮತ್ತೆ ಹೊಳೆಗೇ ಇಳಿಯುತ್ತದೆ. ಆದರೆ ಇಂದು ಈ ನಾಲ್ಕು ತಾಲ್ಲೂಕುಗಳ ದೀಪಗಳಿಗೆ ಜಲವಿದ್ಯುತ್ತೊಂದೇ ಸಾಲದು. ರಾಯಚೂರಿನ ಶಕ್ತಿನಗರ, ಬಳ್ಳಾರಿ ಬಳಿಯ ಕುಡಿತಿನಿಯ ಕಲ್ಲಿದ್ದಲು ಸ್ಥಾವರಗಳ ವಿದ್ಯುತ್ತೂ ಅದೇ ಜಾಲದಲ್ಲಿ ಬೆರೆತು ಬರುತ್ತದೆ. ಅಲ್ಲಿ ನೀರಿನ ಕಥೆಯೇ ಬೇರೆ.

ಕಲ್ಲಿದ್ದಲು ಉರಿಸಿ ಬಾಯ್ಲರಿನಲ್ಲಿ ಉಗಿ ಮಾಡಿ, ಆ ಉಗಿಯಿಂದ ಟರ್ಬೈನ್ ತಿರುಗಿಸುತ್ತಾರೆ. ಕೆಲಸ ಮುಗಿಸಿದ ಉಗಿ ಮತ್ತೆ ನೀರಾಗಿ ಬಾಯ್ಲರಿಗೆ ಮರಳಬೇಕು. ಅದನ್ನು ತಣಿಸಲು ಬಳಸಿದ ಬೇರೆ ನೀರು ತಂಪುಗೋಪುರದಲ್ಲಿ ಆವಿಯಾಗಿ ಆಕಾಶ ಸೇರುತ್ತದೆ. ತಂಪುಗೋಪುರವಿರುವ ಹಳೆಯ ಸ್ಥಾವರಗಳು ಒಂದು ಯೂನಿಟ್ ವಿದ್ಯುತ್ತಿಗೆ 3.5 ಲೀಟರಿಗಿಂತ ಹೆಚ್ಚು ನೀರು ಬಳಸಬಾರದೆಂದು ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಮಿತಿ ಹಾಕಿತು. ಮಕ್ಕಳು ಇದನ್ನೇ ಗುಣಿಸಿ ನೋಡಬಹುದು. 210 ಮೆಗಾವಾಟಿನ ಒಂದು ಘಟಕ ದಿನವಿಡೀ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ, ಈ ಮಿತಿಯೊಳಗೇ ಇದ್ದರೂ, ಸುಮಾರು 1.76 ಕೋಟಿ ಲೀಟರ್ ನೀರು ಬೇಕು. ತಲೆಗೆ 55 ಲೀಟರಿನಂತೆ ಲೆಕ್ಕ ಹಾಕಿದರೆ 3.2 ಲಕ್ಷ ಜನರ ಒಂದು ದಿನದ ನೀರು ಅದು. ನಾಗಮಂಗಲದಂಥ ಒಂದು ತಾಲ್ಲೂಕಿಗೆ ಸಾಕಾಗಿ ಮಿಗುವಷ್ಟು!

ಹಾರಿಹೋಗುವ ಆವಿಯನ್ನು ಹಿಡಿಯಲಾಗದೇ? ಉತ್ತರದ ಒಂದು ತುಣುಕು ಪಾಂಡವಪುರದ ಸುತ್ತಲೇ ಇದೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ 'ಫ್ರೆಂಚ್ ರಾಕ್ಸ್' ಎನಿಸಿಕೊಂಡಿದ್ದ ಊರಿದು. ಇಲ್ಲಿನ ಹಳ್ಳಿಗಳಲ್ಲಿ ಆಲೆಮನೆಗಳು ಇಂದಿಗೂ ಹೊಗೆಯಾಡುತ್ತವೆ. ಒಣಗಿದ ಕಬ್ಬಿನ ರಚ್ಚನ್ನು ಒಲೆಗೆ ತುಂಬಿ, ತೆರೆದ ಕೊಪ್ಪರಿಗೆಯಲ್ಲಿ ಹಾಲು ಕಾಯಿಸಿ ಬೆಲ್ಲ ಇಳಿಸುತ್ತಾರೆ. ಕಬ್ಬಿನ ತೂಕದಲ್ಲಿ ಸುಮಾರು 70 ಭಾಗ ನೀರೇ. ಅದರಲ್ಲಿ ಹಾಲಿಗಿಳಿದದ್ದೆಲ್ಲ ಕೊಪ್ಪರಿಗೆಯಿಂದ ಗಾಳಿಗೆ ಹೋಗುತ್ತದೆ.

ಸಕ್ಕರೆ ಕಾರ್ಖಾನೆ ಇದೇ ಕೆಲಸವನ್ನು ಜಾಣತನದಿಂದ ಮಾಡುತ್ತದೆ. ಇದರ ಮೂಲದಲ್ಲಿರುವವನು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಕಪ್ಪುಜನಾಂಗದ ಎಂಜಿನಿಯರ್ ನಾರ್ಬರ್ಟ್ ರಿಲಿಯು. ಮೊದಲ ಪಾತ್ರೆಯ ರಸದಿಂದೆದ್ದ ಆವಿಯಿಂದ ಎರಡನೆಯ ಪಾತ್ರೆಯನ್ನೂ ಅದರ ಆವಿಯಿಂದ ಮೂರನೆಯದನ್ನೂ ಕುದಿಸುವ ವಿಧಾನಕ್ಕೆ ಅವನು 1843ರಲ್ಲಿ ಪೇಟೆಂಟ್ ಪಡೆದ. ಒತ್ತಡ ಪಾತ್ರೆಯಿಂದ ಪಾತ್ರೆಗೆ ಇಳಿಯುತ್ತ ಹೋಗುವುದರಿಂದ ಕಡಿಮೆ ಶಾಖದಲ್ಲೂ ರಸ ಕುದಿಯುತ್ತದೆ. ಒಂದೇ ಶಾಖ ಹಲವು ಬಾರಿ ದುಡಿಯುತ್ತದೆ, ಆವಿ ನೀರಾಗಿ ಕೈಗೆ ಸಿಗುತ್ತದೆ.

ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಕೆಲವು ವರ್ಷ ಬಾಗಿಲು ಮುಚ್ಚಿತ್ತು. 2020ರಲ್ಲಿ ಅದನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಅಲ್ಲಿಂದ ಕೆ.ಆರ್. ಪೇಟೆಯತ್ತ ಸಾಗಿದರೆ ಹೇಮಾವತಿಯ ಸೀಮೆ. ಈ ಹೊಳೆ ಮುಂದೆ ಕನ್ನಂಬಾಡಿಯ ಹಿನ್ನೀರು ಸೇರುತ್ತದೆ. ಈ ತಾಲ್ಲೂಕಿನ ಮಾಕವಳ್ಳಿಯಲ್ಲೂ ಸಕ್ಕರೆ ಕಾರ್ಖಾನೆಯಿದೆ. ಸಕ್ಕರೆಯ ಜೊತೆಗೆ ವಿದ್ಯುತ್ತನ್ನೂ ತಯಾರಿಸುವ ಇಂಥ ಕಾರ್ಖಾನೆಗಳ ವಿಶೇಷವೆಂದರೆ, ಟರ್ಬೈನ್ ತಿರುಗಿಸಿದ ಉಗಿಯೇ ಕಬ್ಬಿನ ರಸವನ್ನು ಕುದಿಸುತ್ತದೆ. ಶಕ್ತಿನಗರದಲ್ಲಿ ತಂಪುಗೋಪುರ ಆಕಾಶಕ್ಕೆ ಚೆಲ್ಲುವ ಶಾಖ ಇಲ್ಲಿ ಸಕ್ಕರೆಯ ಕೆಲಸಕ್ಕೆ ಬರುತ್ತದೆ.

ಮರಳಿ ಬಂದ ನೀರನ್ನೆಲ್ಲ ಕಣ್ಣುಮುಚ್ಚಿ ಬಾಯ್ಲರಿಗೆ ಬಿಡುವಂತಿಲ್ಲ. ರಸದ ಆವಿಯೊಡನೆ ಸಕ್ಕರೆಯ ಅಂಶ ಸೇರಿದ್ದರೆ ಬಾಯ್ಲರಿನ ಕೊಳವೆಗಳು ಹಾಳಾಗುತ್ತವೆ. ಅದಕ್ಕೇ ರಸಾಯನ ಶಾಲೆಯಲ್ಲಿ ಆಲ್ಫಾ ನ್ಯಾಫ್ಥಾಲ್ ಪರೀಕ್ಷೆ. ಗಂಧಕಾಮ್ಲ ಸೇರಿಸಿದಾಗ ನೇರಳೆ ಬಣ್ಣದ ಉಂಗುರ ಮೂಡಿದರೆ ಸಕ್ಕರೆ ಇದೆಯೆಂದು ಅರ್ಥ. ಆ ನೀರನ್ನು ಗಾಣದಲ್ಲಿ ಸಿಪ್ಪೆಯ ಮೇಲೆ ಚಿಮುಕಿಸಲು ಬಳಸಬಹುದು. ಹೀಗೆ ಅಚ್ಚುಕಟ್ಟಾಗಿ ನಡೆಸಿದರೆ ಕಾರ್ಖಾನೆ ಹೊಳೆಯ ನೀರಿಗೆ ಕೈಯೊಡ್ಡುವುದು ಬಹಳ ಕಡಿಮೆಯಾಗುತ್ತದೆ. ಅಸಡ್ಡೆಯಿಂದ ಬಿಟ್ಟರೆ ಅದೇ ನೀರು ಕೊಳೆಯಾಗಿ ಹಳ್ಳ ಸೇರುತ್ತದೆ.

ಕಲ್ಲಿದ್ದಲು ಸ್ಥಾವರಕ್ಕೆ ಕುದಿಸಲು ಕಬ್ಬಿನ ರಸವಿಲ್ಲ. ಅದರ ಮುಂದಿರುವ ದಾರಿಗಳು ಬೇರೆ. ಮೊದಲನೆಯದು ದಕ್ಷತೆ. ಹಳೆಯ ಘಟಕಗಳು ಕಲ್ಲಿದ್ದಲಿನ ಶಾಖದ ಮೂರನೆಯ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುತ್ತವೆ. ರಾಯಚೂರಿನ ಯರಮರಸ್‌ನಲ್ಲಿರುವ 800 ಮೆಗಾವಾಟಿನ ಘಟಕಗಳಂಥ ಅತಿ ಒತ್ತಡದ ತಂತ್ರದಲ್ಲಿ ಇದು ಶೇಕಡ 40ರ ಹತ್ತಿರಕ್ಕೆ ಏರಬಲ್ಲದು. ಆಗ ಪ್ರತಿ ಯೂನಿಟ್ಟಿಗೆ ಪೋಲಾಗುವ ಶಾಖ ಸುಮಾರು ಕಾಲು ಭಾಗ ಇಳಿಯುತ್ತದೆ, ತಣಿಸುವ ನೀರೂ ಇಳಿಯುತ್ತದೆ. ಎರಡನೆಯದು ಗಾಳಿಯಿಂದಲೇ ಉಗಿಯನ್ನು ತಣಿಸುವುದು. ಜಾರ್ಖಂಡಿನ ಉತ್ತರ ಕರಣಪುರದಲ್ಲಿ ಎನ್‌ಟಿಪಿಸಿ ಇದನ್ನು ಅಳವಡಿಸಿದೆ. ನೀರು ಬಹಳ ಉಳಿಯುತ್ತದೆ, ಆದರೆ ದಕ್ಷತೆ ತುಸು ತಗ್ಗುತ್ತದೆ. ಮೂರನೆಯದು ಪಟ್ಟಣಗಳ ಕೊಳಚೆ ನೀರನ್ನು ಶುದ್ಧಗೊಳಿಸಿ ಬಳಸುವುದು. ಶುದ್ಧೀಕರಣ ಘಟಕದಿಂದ 50 ಕಿ.ಮೀ. ಒಳಗಿರುವ ಸ್ಥಾವರಗಳು ಹೀಗೆ ಮಾಡಬೇಕೆಂದು 2016ರ ವಿದ್ಯುತ್ ದರ ನೀತಿ ಹೇಳುತ್ತದೆ.

ನಾಲೆಯ ಹಸಿರು ಹಿಂದುಳಿದು ನಾಗಮಂಗಲದತ್ತ ಬಂದರೆ ನೆಲದ ಬಣ್ಣವೇ ಬದಲಾಗುತ್ತದೆ. ರಾಗಿ, ಹುರುಳಿ, ಮಳೆ ನಂಬಿದ ಹೊಲಗಳು, ಕೊಳವೆಬಾವಿಗಳು. 200 ಮೀಟರ್ ಆಳದಿಂದ ಸಾವಿರ ಲೀಟರ್ ನೀರೆತ್ತಲು ಸಾಧಾರಣ ಪಂಪಿಗೆ ಒಂದೂಕಾಲು, ಒಂದೂವರೆ ಯೂನಿಟ್ ವಿದ್ಯುತ್ ಬೇಕು. ಆ ವಿದ್ಯುತ್ ಕಲ್ಲಿದ್ದಲಿನದಾದರೆ, ಇಲ್ಲಿ ನೀರು ಮೇಲೆ ಬರಲು ದೂರದ ಯಾವುದೋ ಹೊಳೆಯ ನಾಲ್ಕೈದು ಲೀಟರ್ ಆವಿಯಾಗಿರುತ್ತದೆ. ಒಂದು ಪಂಪಿಗೆ ಇದು ಅಲ್ಪ, ಆದರೆ ನಾಡಿನ ಪಂಪುಗಳನ್ನೆಲ್ಲ ಸೇರಿಸಿದರೆ ಅಲ್ಪವಲ್ಲ. 2023ರ ಬರದಲ್ಲಿ ಕನ್ನಂಬಾಡಿಯ ಮಟ್ಟ 100 ಅಡಿಗಿಂತ ಕೆಳಗಿಳಿದಾಗ ನೀರಿನ ಬೆಲೆ ಏನೆಂದು ಇಡೀ ಜಿಲ್ಲೆಗೆ ಅರಿವಾಗಿತ್ತು. ಪರೀಕ್ಷೆಗೆ ಉಗಿಯಂತ್ರದ ಪಾಠ ಓದುವ ಮಕ್ಕಳು ದಕ್ಷತೆಯ ಸೂತ್ರದ ಜೊತೆಗೆ ಈ ಆವಿಯ ಲೆಕ್ಕವನ್ನೂ ಮಾಡಿ ನೋಡಲಿ. ಮನೆಯಲ್ಲಿ ಸುಮ್ಮನೆ ಉರಿಯುವ ದೀಪವನ್ನು ಆರಿಸೆಂದು ಅಪ್ಪ ಗದರುವುದು ಬರೀ ಬಿಲ್ಲಿನ ಮಾತಲ್ಲವೆಂದು ಆಗ ತಿಳಿಯುತ್ತದೆ.