ಉಮ್ಮನ ಗಾಜಿನ ಬಟ್ಟಲು

ಉಮ್ಮನಿಗೆ ಹೃದಯದ ತೊಂದರೆ ಇದೆ ಎಂದು ಡಾಕ್ಟರರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ರಮಝಾನಿನ ಎಣ್ಣೆಬಾಣಲೆ ಅಟ್ಟ ಸೇರಿತು. ತಮ್ಮ ದುಬೈಯಿಂದ ಏರ್ ಫ್ರೈಯರ್ ತಂದ. ಸಮೋಸಕ್ಕೆ ಚೂರು ಎಣ್ಣೆ ಸವರಿ 180 ಡಿಗ್ರಿಯಲ್ಲಿಟ್ಟರೆ ಗರಿಗರಿಯಾಗಿ ಬರುತ್ತಿತ್ತು. ನೀರು ಹಿಟ್ಟಿನಲ್ಲಿ ಅದ್ದಿದ ಬಜ್ಜಿ ಮಾತ್ರ ಜಾಲರಿಯಿಂದ ಸೋರಿಹೋಯಿತು.

ಒಂದು ಸಂಜೆ, ಇಫ್ತಾರಿಗೆ ಕೆಲವೇ ನಿಮಿಷ. ಫ್ರಿಜ್ಜಿನಲ್ಲಿದ್ದ ಕೈಮಾವನ್ನು ಗಾಜಿನ ಬಟ್ಟಲಿನ ಸಮೇತ ಕಾದ ಯಂತ್ರದೊಳಗಿಟ್ಟೆ. 'ಟಪ್' ಎಂಬ ಸದ್ದು. ಅಬ್ಬ ಮದುವೆಯ ವರ್ಷ ಮುಂಬೈಯಿಂದ ತಂದಿದ್ದ ಬಟ್ಟಲದು. ಆ ಕೈಮಾ ಉಮ್ಮನ ತಟ್ಟೆಗೇ ಹೋಗುವುದಿತ್ತು. ಸದ್ದು ನನಗೆ ಕೇಳಿಸದೇ ಇದ್ದಿದ್ದರೆ? ಕೈ ನಡುಗಿತು. ಎಲ್ಲವನ್ನೂ ಎಸೆದೆ.

ಸಾಮಾನ್ಯ ಗಾಜು ಹಠಾತ್ ಬಿಸಿಯನ್ನು ತಾಳದು. ಒಂದು ಭಾಗ ಹಿಗ್ಗುತ್ತದೆ, ಇನ್ನೊಂದು ತಣ್ಣಗೇ ಉಳಿಯುತ್ತದೆ, ನಡುವೆ ಬಿರುಕು ಬಿಡುತ್ತದೆ. ಓವನ್ನಿಗೆ ಯೋಗ್ಯವೆಂಬ ಗುರುತಿರುವ ಬೊರೊಸಿಲಿಕೇಟ್ ಗಾಜು ಹೆಚ್ಚು ತಾಳುತ್ತದೆ. ಆದರೂ ಅದನ್ನು ಫ್ರಿಜ್ಜಿನಿಂದ ನೇರವಾಗಿ ಬಿಸಿಗೆ ಇಡಬಾರದು. ಮೈಕ್ರೋವೇವಿಗೆ ಆಗುವ ಪ್ಲಾಸ್ಟಿಕ್ ಇಲ್ಲಿ ಕರಗೀತು. ಮೆಲಮೈನ್ ತಟ್ಟೆಯೂ ಸಲ್ಲದು. ಬೇಕಿಂಗ್ ಕಾಗದದ ಮೇಲೆ ಆಹಾರದ ಭಾರ ಇಲ್ಲದಿದ್ದರೆ ಅದು ಹಾರಿ ಕಾಯಿಲ್‌ಗೆ ತಾಗಿ ಹೊತ್ತಿಕೊಳ್ಳಬಹುದು. ಕೊನೆಗೆ ನಮ್ಮ ಹಳೆಯ ಸ್ಟೀಲ್ ಬಟ್ಟಲೇ ವಾಸಿ. ಸುತ್ತ ಗಾಳಿ ಹರಿಯಲು ಜಾಗ ಬಿಟ್ಟರಾಯಿತು.

ಉಮ್ಮ ಬಯ್ಯಲಿಲ್ಲ. "ನಿನ್ನ ಕೈಗೆ ತಾಗಲಿಲ್ಲವಲ್ಲ, ಅಲ್‌ಹಮ್ದುಲಿಲ್ಲಾಹ್" ಎಂದರು. ಖರ್ಜೂರ, ನೀರಿನಲ್ಲೇ ಉಪವಾಸ ತೊರೆದೆವು. ಆದರೆ ತರಾವೀಹ್ ಮುಗಿಸಿ ನಾನು ಅಡುಗೆಮನೆಗೆ ಹೋದಾಗ, ಅವರು ಕಪಾಟಿನಲ್ಲಿ ಬಟ್ಟಲಿದ್ದ ಜಾಗವನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದರು.