ಯಾಕೆ ಅಂತ ಕೇಳೋ ಹಕ್ಕು

"ಮನೆಯಿಂದಲೇ ಕೆಲಸ ಮಾಡ್ತೀವಿ ಅಂತ ಸರ್ಕಾರಿ ನೌಕರರು ಮುಷ್ಕರ ಮಾಡಿದ್ರಂತೆ" ಎಂದರೆ ನಮ್ಮಲ್ಲಿ ಮೊದಲು ಬರೋದು ನಗು. ಸರ್ಕಾರಿ ಕಚೇರಿ ಅಂದ ತಕ್ಷಣ ನಮ್ಮ ಕಣ್ಣಿಗೆ ಕಟ್ಟುವುದು ಖಾಲಿ ಕುರ್ಚಿ, ಅದರ ಬೆನ್ನಿಗೆ ನೇತುಹಾಕಿದ ಸ್ವೆಟರ್, "ಸಾಹೇಬ್ರು ಮೀಟಿಂಗ್‌ಗೆ ಹೋಗಿದಾರೆ, ನಾಳೆ ಬನ್ನಿ" ಅನ್ನುವ ಉತ್ತರ. ಕಚೇರಿಯಲ್ಲಿದ್ದಾಗಲೇ ಸಿಗದವರು ಇನ್ನು ಮನೆಯಲ್ಲಿ ಕೂತರೆ ಕೇಳಬೇಕೇ? ಕೆನಡಾದ ಈ ಸುದ್ದಿ ಓದಿ ನಾನೂ ನಕ್ಕು ಮುಂದೆ ಹೋಗುತ್ತಿದ್ದೆನೇನೋ. ಆದರೆ ಅಲ್ಲಿ ಮುಷ್ಕರಕ್ಕೆ ಕೂತ ಒಂದೂವರೆ ಲಕ್ಷ ಜನರಲ್ಲಿ ನನ್ನ ಅಕ್ಕನೂ ಒಬ್ಬಳು.

ಅಕ್ಕ ಒಟ್ಟಾವಾಗೆ ಹೋಗಿ ಹನ್ನೆರಡು ವರ್ಷವಾಯ್ತು. ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಕ್ಲರ್ಕ್. ಅರ್ಜಿ ನೋಡಬೇಕು, ದಾಖಲೆ ಸರಿಯಿದೆಯಾ ಪರಿಶೀಲಿಸಬೇಕು, ಉತ್ತರ ಬರೆಯಬೇಕು. ಎಲ್ಲವೂ ಕಂಪ್ಯೂಟರಿನಲ್ಲೇ. 2020ರ ಮಾರ್ಚಿನಲ್ಲಿ ಕೋವಿಡ್ ಬಂತು, ಅವಳ ಆಫೀಸು ಊಟದ ಟೇಬಲ್ ಮೇಲೆ ಬಂದು ಕೂತಿತು. ಕೆಲಸ ನಿಲ್ಲಲಿಲ್ಲ. ಮುಂದಿನ ಎರಡು ಮೂರು ವರ್ಷದಲ್ಲಿ ಅವಳ ಜೊತೆಯವರು ಬಾಡಿಗೆ ಕಡಿಮೆ ಇರುವ ದೂರದ ಊರುಗಳಿಗೆ ಹೋದರು, ಎರಡನೇ ಕಾರು ಮಾರಿದರು. ಮಗುವಿನ ಶಾಲೆ, ಅತ್ತೆಯ ಡಯಾಲಿಸಿಸ್ ಎಲ್ಲವನ್ನೂ ಅಕ್ಕ ಆ ಲೆಕ್ಕಕ್ಕೇ ಹೊಂದಿಸಿಕೊಂಡಳು.

2022ರ ಡಿಸೆಂಬರಿನಲ್ಲಿ ಆದೇಶ ಬಂತು. ಸರ್ಕಾರದ ಪರವಾಗಿ ನೌಕರರ ಮಾಲೀಕನ ಸ್ಥಾನದಲ್ಲಿರುವುದು ಟ್ರೆಷರಿ ಬೋರ್ಡ್. ಮಾರ್ಚ್ ಅಂತ್ಯದೊಳಗೆ ಎಲ್ಲರೂ ವಾರಕ್ಕೆ ಎರಡು ಮೂರು ದಿನ ಕಚೇರಿಗೆ ಬರಬೇಕು ಅಂತ ಅದು ಹೇಳಿತು. ನೌಕರರ ದೊಡ್ಡ ಸಂಘವಾದ ಪಬ್ಲಿಕ್ ಸರ್ವಿಸ್ ಅಲಯನ್ಸ್ ಆಫ್ ಕೆನಡಾದ ವೇತನ ಒಪ್ಪಂದ 2021ರಲ್ಲೇ ಮುಗಿದಿತ್ತು, ಹೊಸದರ ಮಾತುಕತೆ ಎಳೆದಾಡುತ್ತಿತ್ತು. ಸಂಬಳದ ಜೊತೆಗೆ ಮನೆಯಿಂದ ಕೆಲಸವನ್ನೂ ಒಪ್ಪಂದದಲ್ಲಿ ಬರೆಯಿರಿ ಅಂತ ಸಂಘ ಪಟ್ಟು ಹಿಡಿಯಿತು. ಯಾರು ಎಲ್ಲಿ ಕೂತು ಕೆಲಸ ಮಾಡಬೇಕು ಅನ್ನೋದು ಆಡಳಿತದ ಹಕ್ಕು, ಅದನ್ನು ಬಿಟ್ಟುಕೊಡಲ್ಲ ಎಂದಿತು ಸರ್ಕಾರ. 2023ರ ಏಪ್ರಿಲ್ 19ರಂದು 1,55,000 ಜನ ಕೆಲಸ ನಿಲ್ಲಿಸಿದರು. ಸಂಬಳ ಬಂದ್, ಸಂಘದ ನಿಧಿಯಿಂದ ದಿನಕ್ಕೆ 75 ಡಾಲರ್.

ಇಲ್ಲೊಂದು ವಿಷಯ ಗಮನಿಸಿ. ಆ ಸಾಲಿನಲ್ಲಿ ಅಡುಗೆಯವರಿದ್ದರು, ಅಗ್ನಿಶಾಮಕ ಸಿಬ್ಬಂದಿ ಇದ್ದರು, ಹಡಗಿನಲ್ಲಿ ದುಡಿಯುವವರಿದ್ದರು. ಮನೆಯಿಂದ ಸೌಟು ತಿರುಗಿಸೋಕೆ, ಬೆಂಕಿ ಆರಿಸೋಕೆ ಆಗಲ್ಲ. ಸಂಬಳದ ಬೇಡಿಕೆ ಅವರದ್ದೂ ಆಗಿತ್ತು ನಿಜ. ಆದರೂ ತಮಗೆ ಎಂದೂ ಸಿಗದ ಸೌಲಭ್ಯವೊಂದು ಪಟ್ಟಿಯಲ್ಲಿತ್ತು, ಅವರು ಎದ್ದು ಹೋಗಲಿಲ್ಲ. "ಕಂಡಕ್ಟರ್‌ಗೆ ಇಲ್ಲದ ವರ್ಕ್ ಫ್ರಂ ಹೋಮ್ ನಿಮಗ್ಯಾಕ್ರೀ?" ಅಂತ ನಮ್ಮನ್ನು ಕೇಳುವವರಿಗೆ ನಾನು ಈಗ ಈ ಉದಾಹರಣೆ ಕೊಡ್ತೀನಿ.

ಮೇ 1ಕ್ಕೆ 1,20,000 ಜನರ ಮಟ್ಟಿಗೆ ರಾಜಿಯಾಯ್ತು, ತೆರಿಗೆ ಇಲಾಖೆಯ 35,000 ಜನ ಮೇ 4ಕ್ಕೆ ಮುಗಿಸಿದರು. ನಾಲ್ಕು ವರ್ಷಕ್ಕೆ ಒಟ್ಟು ಶೇ. 12.6 ಸಂಬಳ ಏರಿಕೆ. ಮನೆಯಿಂದ ಕೆಲಸ ಮಾತ್ರ ಮೂಲ ಒಪ್ಪಂದದ ಒಳಗೆ ಬರಲೇ ಇಲ್ಲ. ಬದಲಿಗೆ ಪ್ರತ್ಯೇಕ ಪತ್ರವೊಂದು ಬಂತು. ನೌಕರರು ಕೇಳಿದರೆ ಮ್ಯಾನೇಜರು ಒಬ್ಬೊಬ್ಬರ ಕೋರಿಕೆಯನ್ನೂ ಬಿಡಿಬಿಡಿಯಾಗಿ ನೋಡಬೇಕು, ಉತ್ತರವನ್ನು ಬರೆದು ಕೊಡಬೇಕು ಅಂತ. "ಇಷ್ಟಕ್ಕಾ ಇಷ್ಟು ದಿನ ರಸ್ತೇಲಿ ನಿಂತಿದ್ದು?" ಅಂದೆ. "ಇರು, ಇಷ್ಟಾದ್ರೂ ಸಿಕ್ತಲ್ಲ" ಅಂದಳು ಅಕ್ಕ.

ಒಂದೇ ವರ್ಷ. 2024ರ ಮೇ ತಿಂಗಳಲ್ಲಿ ಇನ್ನೊಂದು ಪ್ರಕಟಣೆ: ಸೆಪ್ಟೆಂಬರ್ 9ರಿಂದ ಕನಿಷ್ಠ ಮೂರು ದಿನ ಕಚೇರಿ, ಮೇಲಧಿಕಾರಿಗಳಿಗೆ ನಾಲ್ಕು ದಿನ. ಜೊತೆಗೆ ಕೂತರೆ ಕೆಲಸ ಚೆನ್ನಾಗಿ ಆಗುತ್ತೆ, ಹೊಸಬರು ಕಲೀತಾರೆ, ಎಲ್ಲ ಇಲಾಖೆಗೂ ಒಂದೇ ನಿಯಮ ಇರಬೇಕು ಅನ್ನೋದು ಸರ್ಕಾರದ ವಾದ. ಇದನ್ನು ಪೂರ್ತಿ ತಳ್ಳಿಹಾಕೋಕಾಗಲ್ಲ. ನಾನು ಕೆಲಸ ಕಲಿತಿದ್ದೇ ಪಕ್ಕದ ಸೀಟಿನವರ ಸ್ಕ್ರೀನ್ ನೋಡಿ. ಆದರೆ ಅದೇ ಸರ್ಕಾರ, ಅದೇ ವರ್ಷದ ಬಜೆಟ್ಟಿನಲ್ಲಿ, ತನ್ನ ಕಚೇರಿ ಜಾಗವನ್ನು ಹತ್ತು ವರ್ಷದಲ್ಲಿ ಅರ್ಧಕ್ಕೆ ಇಳಿಸ್ತೀನಿ ಅಂತಲೂ ಹೇಳಿತ್ತು! ಅತ್ತ ಕುರ್ಚಿ ಕಡಿಮೆ ಮಾಡ್ತಾರೆ, ಇತ್ತ ಬಂದು ಕೂರಿ ಅಂತಾರೆ. ಇದರಿಂದ ಕೆಲಸ ಹೆಚ್ಚಾಗುತ್ತೆ ಅನ್ನೋದಕ್ಕೆ ಆಧಾರ ಕೊಡಿ ಅಂತ ಸಂಘಗಳು ಕೇಳಿದವು, ದೂರು ದಾಖಲಿಸಿದವು, ಕೋರ್ಟಿಗೂ ಹೋದವು.

ಅಕ್ಕ ಈಗ ಹಿಂದಿನ ದಿನವೇ ಸೀಟು ಬುಕ್ ಮಾಡಿ ಹೋಗ್ತಾಳೆ. ಅವಳ ತಂಡದಲ್ಲಿ ಒಬ್ಬರು ಹ್ಯಾಲಿಫ್ಯಾಕ್ಸ್‌ನಲ್ಲಿ, ಇನ್ನೊಬ್ಬರು ವಿನಿಪೆಗ್‌ನಲ್ಲಿ. "ಆಫೀಸಿಗೆ ಹೋಗಿ ಹೆಡ್‌ಫೋನ್ ಹಾಕ್ಕೊಂಡು ಅವರ ಹತ್ರ ಮಾತಾಡ್ತೀನಿ ಕಣೋ. ಹೋಗಲ್ಲ ಅಂತ ನಾನು ಹೇಳ್ತಿಲ್ಲ. ಯಾಕೆ ಹೋಗ್ಬೇಕು ಅಂತ ಒಬ್ರಾದ್ರೂ ಹೇಳ್ಲಿ."

ಆ "ಯಾಕೆ" ನನ್ನ ತಲೇಲಿ ಉಳಿದುಬಿಟ್ಟಿದೆ. ಕಾರಣ, ನಮ್ಮ ಕಂಪನಿಯಲ್ಲೂ ಇದೇ ವರ್ಷ ವಾರಕ್ಕೆ ನಾಲ್ಕು ದಿನ ಅಂತ ಮೇಲ್ ಬಂತು. ಕಳಿಸಿದ ವಿಳಾಸಕ್ಕೆ ಉತ್ತರ ಬರೆಯೋ ಹಾಗಿಲ್ಲ. ಕೆಳಗೆ ಯಾರ ಹೆಸರೂ ಇಲ್ಲ, 'ಪೀಪಲ್ ಟೀಮ್' ಅಂತಷ್ಟೇ. ನಾವೇನು ಮಾಡಿದ್ವಿ? ವಾಟ್ಸಾಪ್ ಗ್ರೂಪಿನಲ್ಲಿ ಹನ್ನೆರಡು ಮೀಮ್ ಹಾಕಿದ್ವಿ. ಎಂಟು ತಿಂಗಳ ಮಗುವಿದ್ದ ಸಹೋದ್ಯೋಗಿಯೊಬ್ಬಳು ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡ್ ಕಡೆಗೆ ಮೂರು ವಾರ ಓಡಾಡಿ ರಾಜೀನಾಮೆ ಕೊಟ್ಟಳು. ಅವಳಿಗೆ ಕೇಕ್ ಕತ್ತರಿಸಿ, ಫೋಟೋ ತೆಗೆದು ಕಳಿಸಿದ್ವಿ. ಆರು ವರ್ಷದ ಅನುಭವ ಇದ್ದವಳು. ದಾಖಲೆಯಲ್ಲಿ 'ವೈಯಕ್ತಿಕ ಕಾರಣ' ಅಂತಿದೆ.

ಕೆಲಸದ ಷರತ್ತುಗಳನ್ನು ಮಾಲೀಕರು ಬರೆದು ಪ್ರಕಟಿಸಬೇಕು ಅಂತ 1946ರಷ್ಟು ಹಳೆಯ ಕೇಂದ್ರ ಕಾನೂನೇ 2025ರವರೆಗೆ ಇತ್ತು, ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಅದರಿಂದ ವಿನಾಯ್ತಿ ಇತ್ತು. ದೂರು ಸಮಿತಿ ಇರಬೇಕು ಎಂಬಂಥ ಕೆಲವು ಷರತ್ತು ಹಾಕಿ, 2024ರ ಜೂನಿನಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿದರು. ಐಟಿ ನೌಕರರ ಸಂಘ ಕಿಟು ಅದನ್ನು ವಿರೋಧಿಸಿತು. ನಮ್ಮ ತಂಡದಲ್ಲಿ ಅದರ ಸದಸ್ಯರು ಎಷ್ಟು? ಒಬ್ಬರೂ ಇಲ್ಲ. ಸಂಘ ಅಂದರೆ ಫ್ಯಾಕ್ಟರಿಯವರಿಗೆ, ಬಸ್ಸಿನವರಿಗೆ ಅಂತ ನಾವು ನಮ್ಮಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದೀವಿ.

ಅಕ್ಕ ಅತ್ತೆಯ ಡಯಾಲಿಸಿಸ್ ಕಾರಣ ಕೊಟ್ಟು, ಮೂರರ ಬದಲು ಒಂದು ದಿನ ಬರ್ತೀನಿ ಅಂತ ಕೇಳಿದ್ದಳು. ಎರಡು ವಾರಕ್ಕೆ ಉತ್ತರ ಬಂತು. ಆಗಲ್ಲ ಅಂತ. ಆದರೆ ಅದರಲ್ಲಿ ಕಾರಣ ಬರೆದಿತ್ತು, ಮ್ಯಾನೇಜರಿನ ಹೆಸರಿತ್ತು, ತಾರೀಕಿತ್ತು. ಅದನ್ನು ಹಿಡಿದುಕೊಂಡು ಅವಳು ಸಂಘಕ್ಕೆ ಹೋದಳು. ಸಂಘದವರು ಆ ಕಾರಣ ಸರಿಯಿಲ್ಲ ಅಂತ ದೂರು ಹಾಕಿದ್ದಾರೆ. ಗೆಲ್ತಾಳೋ ಸೋಲ್ತಾಳೋ ಗೊತ್ತಿಲ್ಲ. ಅಷ್ಟರವರೆಗೆ ಭಾವ ಕೆಲಸದ ಮಧ್ಯೆ ಅವರಮ್ಮನನ್ನು ಕರ್ಕೊಂಡು ಹೋಗ್ತಿದ್ದಾರೆ.

ಮನೆಯೋ ಆಫೀಸೋ ಅನ್ನೋ ಜಗಳ ಇವತ್ತೇನೂ ಮುಗಿಯಲ್ಲ. ಆದರೆ ತೀರ್ಮಾನ ಮಾಡುವವರು ಕಾರಣ ಹೇಳಬೇಕಾ ಬೇಡವಾ ಅನ್ನೋದು ಬೇರೆಯೇ ಪ್ರಶ್ನೆ. ಅಕ್ಕನ ಕೈಯಲ್ಲಿ ಇಲ್ಲ ಅನ್ನೋ ಉತ್ತರವಾದರೂ ಇದೆ, ಅದರ ಜೊತೆ ಜಗಳ ಆಡಬಹುದು. ನಮ್ಮ ಹತ್ತಿರ ಹನ್ನೆರಡು ಮೀಮ್ ಇವೆ.