ಗಬ್ಬವೋ, ಅಲ್ಲವೋ?

ಕಾವೇರಿ ಮುಡುಕು ತಿರುಗುವಲ್ಲಿ ಒಂದು ಬೆಟ್ಟ, ಅದರ ಮೇಲೆ ಮಲ್ಲಿಕಾರ್ಜುನ. ತಲಕಾಡಿನ ಪಂಚಲಿಂಗಗಳಲ್ಲಿ ಒಬ್ಬನಾದ ಈ ಮುಡುಕುತೊರೆಯ ದೇವರ ಜಾತ್ರೆಯೆಂದರೆ ದನಗಳ ಜಾತ್ರೆಯೂ ಹೌದು. ಹಲ್ಲು ಎಣಿಸುವವರು, ಸುಳಿ ನೋಡುವವರು, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವವರು ರಾಸಿನ ಜಾತಕವನ್ನೇ ಹೇಳಬಲ್ಲರು. ಆದರೆ ಮೂರು ವಾರದ ಹಿಂದೆ ಕೃತಕ ಗರ್ಭಧಾರಣೆ ಮಾಡಿಸಿದ ಹಸು ಗಬ್ಬವೋ ಅಲ್ಲವೋ ಎಂದರೆ ಅವರಿಗೂ ತಿಳಿಯದು. ಕೈ ಹಾಕಿ ನೋಡಲು ಪಶುವೈದ್ಯರಿಗೂ ಒಂದೂವರೆ, ಎರಡು ತಿಂಗಳಾದರೂ ಬೇಕು.

ಅಷ್ಟು ಬೇಗ ಸುಳಿವು ಕೊಡುವುದು ರಕ್ತದಲ್ಲಿರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಗಬ್ಬ ನಿಲ್ಲದಿದ್ದರೆ ಇದು ಇಳಿದು, ಸುಮಾರು 21 ದಿನಕ್ಕೆ ಹಸು ಮತ್ತೆ ಬೆದೆಗೆ ಬರುತ್ತದೆ. ನಿಂತಿದ್ದರೆ ಇಳಿಯುವುದಿಲ್ಲ. ಒಂದು ಮಿಲಿಲೀಟರಿನಲ್ಲಿ ಇರುವುದು ಗ್ರಾಮಿನ ನೂರು ಕೋಟಿಯ ಕೆಲವು ಭಾಗ ಮಾತ್ರ! ಇಂಥ ಸೂಕ್ಷ್ಮವನ್ನು ಅಳೆಯುವ ದಾರಿ ತೋರಿಸಿದ ರೊಸಾಲಿನ್ ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು. ಜೊತೆಗೆ ದುಡಿದ ಬೆರ್ಸನ್ 1972ರಲ್ಲೇ ತೀರಿಕೊಂಡಿದ್ದರು.

ಅಳೆಯುವ ಯಂತ್ರ ಎಷ್ಟು ಜಾಣವಾದರೇನು, ರಕ್ತ ಅಲ್ಲಿಗೆ ತಲುಪುವುದು ಹೇಗೆ? ರೈತನೊಬ್ಬ ಬೆಳಿಗ್ಗೆ ತೆಗೆಸಿದ ರಕ್ತದ ಕೊಳವೆಯನ್ನು ಅಂಗಿಯ ಜೇಬಿಗಿಟ್ಟು, ತಿರುಮಕೂಡಲು ನರಸೀಪುರದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನ ಮೈಸೂರು ಸೇರಿದನೆನ್ನಿ. ಅಷ್ಟರಲ್ಲಿ ಕೊಳವೆಯೊಳಗೆ ಬೇರೆಯೇ ಕೆಲಸ ನಡೆದಿರುತ್ತದೆ. ದನದ ಕೆಂಪು ರಕ್ತಕಣಗಳು ಪ್ರೊಜೆಸ್ಟರಾನನ್ನು ಇನ್ನೊಂದು ರಾಸಾಯನಿಕವಾಗಿ ಮಾರ್ಪಡಿಸುತ್ತವೆ. ಸೆಕೆ ಹೆಚ್ಚಿದಷ್ಟೂ ಬೇಗ. ಕೆಲವೇ ಗಂಟೆಗಳಲ್ಲಿ ಅಂಶ ಕುಸಿದು, ಗಬ್ಬದ ಹಸುವಿಗೆ 'ಗಬ್ಬವಿಲ್ಲ' ಎಂಬ ವರದಿ ಬರಬಹುದು. ಅದನ್ನೇ ನಂಬಿ ಬೆದೆ ಬರಿಸಲು ಪ್ರೊಸ್ಟಗ್ಲಾಂಡಿನ್ ಚುಚ್ಚಿಸಿದರೆ ಇದ್ದ ಗಬ್ಬವೂ ಹೋಗುತ್ತದೆ.

ಉಪಾಯ ಸರಳ. ರಕ್ತ ತೆಗೆದ ಕೂಡಲೇ ಐಸು ಬೆರೆಸಿದ ನೀರಿನಲ್ಲಿಟ್ಟು, ಆದಷ್ಟು ಬೇಗ ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಕಣಗಳನ್ನು ಬೇರ್ಪಡಿಸಬೇಕು. ಕಣಗಳ ಸಹವಾಸ ತಪ್ಪಿದ ಮೇಲೆ ಹಾರ್ಮೋನು ಭದ್ರ. ಆದರೆ ರಕ್ತವೇ ಹೆಪ್ಪುಗಟ್ಟಿ ಗಡ್ಡೆಯಾಗುವಷ್ಟು ತಣಿಸಬಾರದು, ಕಣಗಳು ಒಡೆಯುತ್ತವೆ. ಜಾತ್ರೆಯಲ್ಲಿ ಐಸ್‌ಕ್ಯಾಂಡಿಯವನ ಬಳಿ ಇರುವ ಪೆಟ್ಟಿಗೆ ರಕ್ತ ಒಯ್ಯುವವನ ಬಳಿ ಇರುವುದಿಲ್ಲ ಎಂಬುದೇ ತಮಾಷೆ.

ಮನುಷ್ಯರ ರಕ್ತದಲ್ಲಿ ಪ್ರೊಜೆಸ್ಟರಾನ್ ಹೀಗೆ ಕರಗಿಹೋಗುವುದಿಲ್ಲ. ಮಕ್ಕಳಿಗೆ ಮಾಡಿಸುವ ಥೈರಾಯ್ಡ್ ಪರೀಕ್ಷೆಯ ಸೀರಮ್ಮೂ ಫ್ರಿಜ್ಜಿನಲ್ಲಿ ಕೆಲವು ದಿನ ತಡೆಯುತ್ತದೆ. ಇನ್ಸುಲಿನ್ ಮಾತ್ರ ನಾಜೂಕು: ಕಣ ಒಡೆದರೆ ಅದರಿಂದ ಹೊರಬಿದ್ದ ಕಿಣ್ವ ಅದನ್ನು ತಿಂದುಹಾಕುತ್ತದೆ. ಸೀರಮ್ ಕೆಂಪಾಗಿದ್ದರೆ ಪ್ರಯೋಗಾಲಯದವರು 'ಇನ್ನೊಮ್ಮೆ ರಕ್ತ ಕೊಡಿ' ಎನ್ನುವುದು ಅದಕ್ಕೇ. ಮಗು ಅತ್ತಿತೆಂದು ತಂದೆತಾಯಿ ಅವರ ಮೇಲೆ ಸಿಟ್ಟಾಗಬೇಕಿಲ್ಲ.

ಹಸುವಿಗಾದರೆ ಇನ್ನೊಂದು ದಾರಿಯೂ ಉಂಟು. ಪ್ರೊಜೆಸ್ಟರಾನ್ ಹಾಲಿನಲ್ಲೂ ಇಳಿಯುತ್ತದೆ. ಅಲ್ಲಿ ಕೆಂಪುಕಣಗಳ ಕಾಟವಿಲ್ಲ. ಹಾಲು ಕೆಡದಂತೆ ನೋಡಿಕೊಂಡರಾಯಿತು. ಇನ್ನೂ ಕರು ಹಾಕದ ಕಡಸಿಗೆ ಮಾತ್ರ ರಕ್ತವೇ ಗತಿ, ಐಸೇ ಗತಿ.